ಫಾಲ್ಸಿಗೆ ಬಿಟ್ಟ ಕಾಗದ

ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ಭಾಗ್ಯಾ ಟೇಲರ್ ಎಂದರೆ ರೈಲಿನಲ್ಲಿ ಓಡಾಡುವ ಹೆಂಗಸರಿಗೆಲ್ಲ ಗೊತ್ತು. ಮುಂಜಾನೆ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಜಂಪರಿನ ಬಟ್ಟೆ ಎಸೆದು ಓಡಿದರೆ, ಸಂಜೆ ಇಳಿದು ಬರುವಷ್ಟರಲ್ಲಿ ಹೊಲಿದು, ಹುಕ್ಕು ಹಚ್ಚಿ, ಮಡಚಿ ಇಟ್ಟಿರುತ್ತಾಳೆ. ಬಿಗಿಯಾಯಿತು ಎಂದು ಯಾರಾದರೂ ತಕರಾರು ತೆಗೆದರೆ, "ಜಂಪರ ಬಿಗಿ ಆಗಿಲ್ರಿ, ನೀವ ದಪ್ಪ ಆಗೀರಿ" ಎಂದು ಮುಖದ ಮೇಲೇ ಹೇಳುತ್ತಾಳೆ. ಅನ್ನಿಸಿಕೊಂಡವರು ಮೂಗು ಮುರಿದು ಹೋಗುತ್ತಾರೆ, ಮುಂದಿನ ಹಬ್ಬಕ್ಕೆ ಮತ್ತೆ ಅವಳ ಅಂಗಡಿಗೇ ಬರುತ್ತಾರೆ. ಇಂಥ ಹೆಂಗಸು ಒಂದು ಹೆಸರಿಗಾಗಿ ಗೋಕಾಕದ ಕೋರ್ಟಿನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಳು ಎಂದರೆ ಯಾರೂ ನಂಬುವುದಿಲ್ಲ. ಆದರೆ ಕೂತದ್ದು ನಿಜ.

ಅವಳ ತವರು ನಾಗನೂರ. ಇನ್ನೂ ಎಳೆಯ ವಯಸ್ಸಿನಲ್ಲಿ ಹುಕ್ಕೇರಿ ಕಡೆಯ ಮಾಲಿಂಗ ಪಾಟೀಲ ಎಂಬವನಿಗೆ ಕೊಟ್ಟಿದ್ದರು. ಮಾಲಿಂಗ ಕೆಟ್ಟವನೇನಲ್ಲ. ಹೊಡೆತಬಡಿತವಿಲ್ಲ, ಕುಡಿತವಿಲ್ಲ. ಅವನಿಗೆ ಮಾತೆಂದರೆ ಬೇಡ, ಇವಳಿಗೆ ಮಾತಿಲ್ಲದೆ ರೊಟ್ಟಿ ಇಳಿಯದು. ವರ್ಷ ತುಂಬುವುದರೊಳಗೆ ಇಬ್ಬರಿಗೂ ಸಾಕಾಗಿ ಭಾಗ್ಯಾ ತವರಿಗೆ ಮರಳಿದಳು; ಕೆಲಕಾಲದ ಮೇಲೆ ಇಬ್ಬರೂ ಒಪ್ಪಿ ಗೋಕಾಕದ ಕೋರ್ಟಿನಲ್ಲಿ ವಿಚ್ಛೇದನ ತೆಗೆದುಕೊಂಡರು. ತೀರ್ಪಿನ ನಕಲು ಕೈಗೆ ಬಂದ ದಿನ ಭಾಗ್ಯಾ ನೆಟ್ಟಗೆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಗೋಕಾಕ ಫಾಲ್ಸಿನ ಬಸ್ಸು ಹತ್ತಿ, ತೂಗುಸೇತುವೆಯ ನಡುವೆ ನಿಂತು, "ಹೋಗತ್ಲಾಗ" ಎಂದು ಕಾಗದವನ್ನು ಗಾಳಿಗೆ ಬಿಟ್ಟಳು. ಅದು ತೇಲಾಡುತ್ತ ಇಳಿದು ನೀರು ಸೇರುವುದನ್ನು ಕಣ್ಣಾರೆ ನೋಡಿ, ಕೆಳಗೆ ಬಂದು ಮಿರ್ಚಿ ಭಜಿ ತಿಂದು ಮನೆಗೆ ಹೋದಳು. ಅಷ್ಟು ರುಚಿಯ ಭಜಿ ತಾನು ಅಲ್ಲಿಂದೀಚೆ ತಿಂದಿಲ್ಲ ಎಂದು ಈಗಲೂ ಹೇಳುತ್ತಾಳೆ.

ಮತ್ತೆ ಮದುವೆಯಾಗುವ ವಿಚಾರ ಅವಳ ತಲೆಯಲ್ಲಿರಲಿಲ್ಲ. ಹೊಲಿಗೆ ಮಷಿನ್ನಿನ ಮೋಟಾರು ಸುಡದಿದ್ದರೆ ಬರುತ್ತಲೂ ಇರಲಿಲ್ಲ. ಮೂಡಲಗಿಯಲ್ಲಿ ಶಿವಾನಂದ ಎಂಬವನು ಬೋರಿನ ಪಂಪಿನಿಂದ ಮಿಕ್ಸರಿನ ತನಕ ಯಾವ ಮೋಟಾರಿಗಾದರೂ ಹೊಸ ತಂತಿ ಸುತ್ತಿ ಕೊಡುತ್ತಾನೆ ಎಂದು ಕೇಳಿ ಅಲ್ಲಿಗೆ ಹೊತ್ತೊಯ್ದಳು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ ಮನುಷ್ಯ. ಅವನದೂ ಮಾತು ಕಡಿಮೆಯೇ, ಆದರೆ ಬೇರೆಯವರು ಆಡಿದ್ದನ್ನು ಪೂರ್ತಿ ಕೇಳಿ ಹೊಟ್ಟೆ ತುಂಬ ನಗುತ್ತಾನೆ. ಭಾಗ್ಯಾಳಿಗೆ ಇನ್ನೇನು ಬೇಕು? ಮೋಟಾರು ಸರಿ ಮಾಡಿ ಕೊಟ್ಟವನು, ನೆಟ್ಟಗೆ ಓಡುತ್ತಿದೆಯೋ ಇಲ್ಲವೋ ನೋಡಲು ಘಟಪ್ರಭಾಕ್ಕೆ ಬಂದ. ಮರುವಾರ ಮತ್ತೆ ಬಂದ. ಚೆನ್ನಾಗಿ ಓಡುವ ಮೋಟಾರನ್ನು ಅಷ್ಟು ಸಲ ತಪಾಸಣೆ ಮಾಡಿದ ಮಿಸ್ತ್ರಿ ಈ ಸೀಮೆಯಲ್ಲಿ ಇನ್ನೊಬ್ಬನಿರಲಾರ.

ಕಡೆಗೆ ಅವನ ತಾಯಿ ಅಕ್ಕವ್ವ ತಾನೇ ಅಂಗಡಿಗೆ ಬಂದಳು. ಬಂದವಳು ಸ್ಟೂಲಿನ ಮೇಲೆ ಕೂತು ಭಾಗ್ಯಾಳನ್ನು ಮೇಲಿಂದ ಕೆಳಗೆ ಅಳೆದಳು.

"ನನ್ನ ಮನಸಿಗಿ ಬಂದಿ," ಎಂದಳು. "ಬಸವ ಜಯಂತಿ ದಿನ ಮದುವಿ ಮಾಡೂಣು. ಆದ್ರ ಹಳೇ ಗಂಟ ಬಿಚ್ಚೇತಿ ಅನ್ನೂ ಕೋರ್ಟಿನ ಕಾಗದ ನನ್ನ ಕೈಯಾಗ ಇಡಬೇಕ ನೋಡ ತಂಗಿ. ಅದನ್ನ ನೋಡದ ನಾ ಹೊಸಾ ಗಂಟ ಹಾಕ್ಸಾಂಗಿಲ್ಲ."

"ಊರಿಗೆಲ್ಲಾ ಗೊತ್ತೈತ್ರಿ ಅತ್ತಿ."

"ಊರ ಕಾಗದಕ್ಕ ಸಿಕ್ಕಾ ಹೊಡದ ಕೊಡತೈತೇನು? ಮತ್ತ ಇನ್ನೊಂದು. ನಿನಗ ಮಹಾದೇವಿ ಅಂತ ಹೆಸರ ಇಡ್ತೇನಿ. ನಮ್ಮ ಮನಿಗಿ ಬಂದ ಸೊಸಿಗಿ ಹೊಸಾ ಹೆಸರ ಇಡೂದು ಪದ್ಧತಿ."

ಈ ಭಾಗದಲ್ಲಿ ಅನೇಕ ಮನೆಗಳಲ್ಲಿ ಹಾಗೆ. ತಾಳಿ ಕಟ್ಟಿದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರವಿ, ಮದುಮಗ ತನ್ನ ಉಂಗುರದ ಬೆರಳಿನಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹುಡುಗಿ ತವರಿನಿಂದ ತಂದ ಹೆಸರು ಮುಗಿಯಿತು. ಭಾಗ್ಯಾಳಿಗೆ ಮೈಯೆಲ್ಲ ಉರಿಯಿತು. ಅಂಗಡಿಯ ಬೋರ್ಡಿನ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆಸಿಕೊಂಡ ಹೆಸರು, ಅದನ್ನು ಅಳಿಸಲು ಇವರು ಯಾರು? ಆದರೆ ಮೊದಲು ಕಾಗದ ಬರಲಿ, ಆಮೇಲೆ ಜಗಳ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಅವಳನ್ನು ಬಲ್ಲವರು ಇದನ್ನೊಂದು ಪವಾಡವೆಂದೇ ತಿಳಿಯಬೇಕು.

ಕಾಗದ ಎಲ್ಲಿದೆ ಎಂಬುದನ್ನು ಶಿವಾನಂದನಿಗೆ ಹೇಳಿದಾಗ ಅವನು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. "ಹೋದ್ರ ಹೋಗ್ಲಿ ಬಿಡ್ರಿ. ನೀವು ಬಿಟ್ಟಿದ್ದು ನಕಲು. ಅಸಲ ಫೈಲು ಕೋರ್ಟಿನ್ಯಾಗ ಇರ್ತೈತಿ. ಅರ್ಜಿ ಕೊಟ್ರ ಇನ್ನೊಂದ ನಕಲ ಕೊಡ್ತಾರ," ಎಂದ. ಮದುವೆ ನೋಂದಣಿ ಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿಯೂ ಅದೇ ಕಾಗದ ಕೇಳಿದ್ದರು. ಇಬ್ಬರೂ ಗೋಕಾಕಕ್ಕೆ ಹೊರಟರು.

ಕೋರ್ಟಿನ ನಕಲು ವಿಭಾಗದಲ್ಲಿದ್ದ ಸೋಮಶೇಖರ ಎಂಬ ಗುಮಾಸ್ತ ಒಳ್ಳೆಯ ಮನುಷ್ಯ. ಅರ್ಜಿ ಹೇಗೆ ಬರೆಯಬೇಕು, ಎಲ್ಲಿ ಸ್ಟಾಂಪು ಹಚ್ಚಬೇಕು ಎಂದು ತೋರಿಸಿಕೊಟ್ಟ. ಕೇಸು ಅವಳದೇ ಆದ್ದರಿಂದ ನಕಲು ಕೇಳುವ ಹಕ್ಕು ಅವಳಿಗಿದೆ, ಚಿಂತೆ ಬೇಡ ಎಂದ. ಆಧಾರ್ ಕಾರ್ಡು ನೋಡಿದ. ಆಮೇಲೆ ಕೇಸಿನ ನಂಬರು ಕೇಳಿದ.

"ಅದು ಫಾಲ್ಸಿನ್ಯಾಗೈತ್ರಿ ಸರ," ಎಂದಳು ಭಾಗ್ಯಾ.

ಸೋಮಶೇಖರ ಶಿವಾನಂದನ ಮುಖ ನೋಡಿದ. ಶಿವಾನಂದ ಚಾವಣಿ ನೋಡಿದ. "ಇರ್ಲಿ ಬಿಡ್ರಿ, ಹೆಸರಿನ ಮ್ಯಾಲೂ ಹುಡುಕಾಕ ಬರ್ತೈತಿ," ಎಂದು ಗುಮಾಸ್ತ ಕಂಪ್ಯೂಟರಿನಲ್ಲಿ ಅವಳ ಹೆಸರು, ಅಂದಾಜಿನ ವರ್ಷ ಹಾಕಿದ. ಬರಲಿಲ್ಲ. ಹಿಂದಿನ ವರ್ಷ, ಮುಂದಿನ ವರ್ಷ ಹಾಕಿದ. ಆಗಲೂ ಇಲ್ಲ. ಗಂಡನ ಹೆಸರು ಹಾಕಿದ.

"ಮಾಲಿಂಗ ಪಾಟೀಲರು ಬೇಕಾದಷ್ಟು ಮಂದಿ ಅದಾರ್ರಿ ಅಕ್ಕಾರ," ಎಂದ ಪರದೆಯ ಮೇಲಿನ ಪಟ್ಟಿಯನ್ನು ಸರಿಸುತ್ತ. "ಹೊಲದ ಬಾಂದಿನ ಜಗಳ ಆಡಾವ್ರು, ಪಾಲ ಕೇಳಾವ್ರು, ಹೆಂಡ್ತಿ ಬಿಟ್ಟಾವ್ರು, ಎಲ್ಲಾರೂ ಅದಾರು. ಭಾಗ್ಯಾನ ಗಂಡ ಮಾಲಿಂಗ ಒಬ್ಬಾಂವ ಇಲ್ಲ. ನಿಮ್ಮ ವಕೀಲರ್ನ ಕೇಳಿ ನಂಬರ ತರ್ರಿ."

ವಕೀಲರು ತೀರಿಕೊಂಡಿದ್ದರು. ಅವರ ಕಚೇರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇತ್ತು.

ಭಾಗ್ಯಾ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಮೊದಲ ಬಾರಿಗೆ ಅವಳಿಗೆ ಹೆದರಿಕೆಯಾಯಿತು. ಕೋರ್ಟಿನಲ್ಲಿ ದಾಖಲೆಯೇ ಇಲ್ಲವೆಂದರೆ ವಿಚ್ಛೇದನ ಆದದ್ದಾದರೂ ಹೌದೋ ಅಲ್ಲವೋ? ತಾನಿನ್ನೂ ಮಾಲಿಂಗನ ಹೆಂಡತಿಯೇ? ಆ ಮಾಲಿಂಗನಿಗೋ ಎರಡನೆಯ ಮದುವೆಯಾಗಿ ಇಬ್ಬರು ಮಕ್ಕಳು! ಶಿವಾನಂದ ಚಹಾ ತಂದು ಕೈಗಿಟ್ಟು ಪಕ್ಕದಲ್ಲಿ ಕೂತ. "ಕುಡೀರಿ ಮೊದ್ಲು. ಬಸವ ಜಯಂತಿ ಇಲ್ಲಂದ್ರ ದೀಪಾವಳಿ. ನಾ ಎಲ್ಲಿಗೂ ಓಡಿ ಹೋಗಾಂಗಿಲ್ಲ," ಎಂದ. ಅಷ್ಟು ಒಳ್ಳೆಯ ಮಾತಿಗೂ ಅವಳಿಗೆ ಅಳು ಬರುವಂತಾಯಿತು.

ಅಷ್ಟರಲ್ಲಿ ಒಳಗಿನಿಂದ ಜವಾನ ಬಾಗಿಲಿಗೆ ಬಂದು, "ರಾಜಶ್ರೀ ಬಸಗೌಡ!" ಎಂದು ಕೂಗಿದ. ಯಾರೂ ಏಳಲಿಲ್ಲ. ಮತ್ತೆ ಕೂಗಿದ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದ. ಭಾಗ್ಯಾಳ ಎದುರಿಗೇ ಕೂತು ಬಳೆ ತಿರುಗಿಸಿಕೊಳ್ಳುತ್ತಿದ್ದ ಹುಡುಗಿಯ ಹತ್ತಿರ ವಕೀಲರೊಬ್ಬರು ಓಡಿ ಬಂದರು.

"ಏ ತಂಗಿ, ಕಿವಿ ಕೇಳಸ್ತಾವ ಇಲ್ಲ? ನಿನ್ನ ಕರ್ಯಾಕತ್ತಾರ!"

"ನನ್ನ ಅಲ್ರಿ, ಯಾರೋ ರಾಜಶ್ರೀನ..." ಎಂದ ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅಯ್ಯ ಶಿವನ! ನಾನ ರೀ ಅದು, ಗಂಡನ ಮನ್ಯಾಗ ಇಟ್ಟ ಹೆಸರು!" ಎಂದು ಸೆರಗು ಸಿಕ್ಕಿಸಿ ಒಳಗೆ ಓಡಿದಳು.

ಭಾಗ್ಯಾ ಎದ್ದು ನಿಂತ ರಭಸಕ್ಕೆ ಚಹಾ ಶಿವಾನಂದನ ಅಂಗಿಯ ಮೇಲೆ ಚೆಲ್ಲಿತು. ಹೀಗೆಯೇ, ಇದೇ ಬಾಗಿಲಲ್ಲಿ, ಅಂದು ತನ್ನನ್ನೂ ಕರೆದಿದ್ದರು! ತಾನೂ ಯಾರನ್ನೋ ಕರೆಯುತ್ತಿದ್ದಾರೆ ಎಂದು ಕಾಲು ಚಾಚಿ ಕೂತೇ ಇದ್ದಳು. ವಕೀಲರು ಮೊಣಕೈಯಿಂದ ತಿವಿದು ಎಬ್ಬಿಸಿದ್ದರು. ಹುಕ್ಕೇರಿಯ ಅತ್ತೆ ಅಕ್ಕಿಯಲ್ಲಿ ಬರೆಸಿದ ಹೆಸರು. ಒಂದು ವರ್ಷವೂ ಬಾಳದ ಹೆಸರು. ಮದುವೆಯ ಕಾಗದದಲ್ಲಿ ಅದೇ ಇತ್ತು, ವಕೀಲರು ಅದನ್ನೇ ಅರ್ಜಿಗೆ ಹಾಕಿದ್ದರು, ಅವರು ತೋರಿಸಿದ ಕಡೆ ಇವಳು ಸಹಿ ಮಾಡಿದ್ದಳು. ಫಾಲ್ಸಿನಲ್ಲಿ ಬಿಟ್ಟದ್ದು ಕಾಗದವನ್ನಷ್ಟೇ ಅಲ್ಲ, ಆ ಹೆಸರನ್ನೂ ಬಿಟ್ಟು ಪೂರ್ತಿ ಮರೆತುಬಿಟ್ಟಿದ್ದಳು.

ಒಳಗೆ ನುಗ್ಗಿ, "ಸರ, ಸುಜಾತಾ ಅಂತ ಹಾಕ್ರಿ! ಸುಜಾತಾ ಮಾಲಿಂಗ ಪಾಟೀಲ!" ಎಂದು ಕೂಗಿದಳು.

ಸೋಮಶೇಖರ ಹಾಕಿದ. ಬಂತು. ಕೇಸಿನ ನಂಬರು, ತೀರ್ಪಿನ ತಾರೀಖು, ತಂದೆಯ ಹೆಸರು, ನಾಗನೂರ, ಎಲ್ಲವೂ. ಭಾಗ್ಯಾ ಅಲ್ಲೇ ಚಪ್ಪಾಳೆ ತಟ್ಟಿದಳು. ಸರದಿಯಲ್ಲಿದ್ದ ಮುದುಕನೊಬ್ಬ ಅವಳು ಹೊಲದ ಕೇಸು ಗೆದ್ದಳೆಂದು ತಿಳಿದು ಕೈಮುಗಿದ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಆಧಾರಿನಲ್ಲಿ ಭಾಗ್ಯಾ, ಕೇಸಿನಲ್ಲಿ ಸುಜಾತಾ. ನೋಟರಿಯ ಹತ್ತಿರ ಹೋಗಿ, ಸುಜಾತಾ ಮತ್ತು ಭಾಗ್ಯಾ ಎಂಬ ಎರಡೂ ಹೆಸರಿನವಳು ನಾನೊಬ್ಬಳೇ ಎಂದು ಪ್ರಮಾಣ ಮಾಡಿ ಅಫಿಡವಿಟ್ ತರಬೇಕಾಯಿತು. ಹಳೆಯ ಫೈಲು ದಾಖಲೆ ಕೋಣೆಯಿಂದ ಬರಬೇಕಾದ್ದರಿಂದ ಮತ್ತೊಮ್ಮೆ ಬರಲು ಹೇಳಿದರು. ಹೇಳಿದ ದಿನ ಹೋದಳು. ಹಾಳೆಹಾಳೆಗೂ ಸಿಕ್ಕಾ ಬಿದ್ದ ನಕಲು ಕೈಗೆ ಬಂತು. ಈ ಸಲ ಅದನ್ನು ಬಸ್ಸಿನಲ್ಲಿ ಶಿವಾನಂದನೇ ಹಿಡಿದುಕೊಂಡ. ಫಾಲ್ಸಿನ ಕಡೆಯ ಕಿಟಕಿಗೆ ಅವಳನ್ನು ಕೂಡಿಸಲಿಲ್ಲ.

ಮೂಡಲಗಿಯಲ್ಲಿ ಅಕ್ಕವ್ವ ಚಷ್ಮಾ ಹಾಕಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಈಕಿ ಯಾರ ಸುಜಾತಾ?"

ಭಾಗ್ಯಾ ನಡೆದದ್ದನ್ನೆಲ್ಲ ಹೇಳಿದಳು. ಜವಾನ ಕೂಗಿದ್ದು, ಚಹಾ ಚೆಲ್ಲಿದ್ದು, ತಾನು ತಾನೇ ಎಂದು ಪ್ರಮಾಣ ಮಾಡಿದ್ದು. ಅಕ್ಕವ್ವ ಮೊದಮೊದಲು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಸೆರಗು ಇಳಿಸಿ, ಸುಜಾತಾ ಎಂಬ ಹೆಸರನ್ನು ಮತ್ತೊಮ್ಮೆ ಓದಿದಳು.

"ಅದಕ್ಕ ಹೇಳ್ತೇನ್ರಿ ಅತ್ತಿ," ಎಂದಳು ಭಾಗ್ಯಾ, ಇಷ್ಟು ದಿನ ತಡೆದಿಟ್ಟುಕೊಂಡದ್ದನ್ನು ಹೊರಗೆ ಹಾಕುತ್ತ. "ಇನ್ನೊಮ್ಮೆ ಹೆಸರ ಬದಲಿ ಮಾಡ್ಕೋಳಾಕ ನನ್ನ ಕಡಿಂದ ಆಗೂದಿಲ್ರಿ."

"ಪದ್ಧತಿ ಬಿಡಾಕ ಬರೂದಿಲ್ಲ ತಂಗಿ," ಎಂದು ಅಕ್ಕವ್ವ ಕಾಗದ ಮಡಚಿ ಒಳಗೆ ಹೋದಳು.

ಬಸವ ಜಯಂತಿ ಬಂತು. ಮನೆಯ ಮುಂದೆ ಸಣ್ಣ ಚಪ್ಪರ, ಒಳಗೆ ಹೋಳಿಗೆಯ ಘಮ. ನಾಗನೂರಿನಿಂದ ತವರಿನವರು ಬಂದರು. ಅಕ್ಕವ್ವನ ಅಣ್ಣ ಅಣ್ಣಪ್ಪ, ಹಲ್ಲೆಲ್ಲ ಹೋದ ಮುದುಕ, ಮಮದಾಪುರದಿಂದ ಬಂದು ಕಟ್ಟೆಯ ಮೇಲೆ ಕೂತ. ತಾಳಿ ಬಿತ್ತು, ಅಕ್ಷತೆ ಬಿತ್ತು. ಅಕ್ಕವ್ವ ತಟ್ಟೆಯಲ್ಲಿ ಅಕ್ಕಿ ತಂದು ಮಗನ ಮುಂದಿಟ್ಟಳು. ಭಾಗ್ಯಾ ಸೊಂಟಕ್ಕೆ ಸೆರಗು ಬಿಗಿದಳು. ತಾಳಿ ಕಟ್ಟಿಸಿಕೊಂಡ ಕೊರಳಲ್ಲೇ ಜಗಳವಾಗಲಿ, ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದ್ದಳು. ಶಿವಾನಂದನ ಬೆರಳು ಅಕ್ಕಿಯ ಮೇಲೆ ನಿಂತೇ ಇತ್ತು.

"ತಡಿ," ಎಂದಳು ಅಕ್ಕವ್ವ. "ಮಹಾದೇವಿ ಅಂತ ಬರೀಬ್ಯಾಡ. ಈಕಿಗಿ ಹೆಸರೈತಿ. ಒಮ್ಮೆ ಇಟ್ಟ ಹೆಸರ ಹುಡಕ್ಯಾಡಿ ಸಾಕಾಗೇತಿ ಆಕಿಗಿ."

ಭಾಗ್ಯಾ ಕಟ್ಟಿದ ಸೆರಗನ್ನು ಬಿಡಲೂ ಮರೆತು ನಿಂತಳು. ನೆರೆದ ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಹರವಿದ ಅಕ್ಕಿಯನ್ನು ಹಾಗೇ ಎತ್ತಬಾರದು, ಏನಾದರೊಂದು ಹೆಸರು ಬರೆಯಲೇಬೇಕು ಎಂದು ಒಬ್ಬಳು ಪಟ್ಟು ಹಿಡಿದಳು. ಆಗ ಭಾಗ್ಯಾ ಅಕ್ಕವ್ವನ ಕೈ ಹಿಡಿದು ಮೆಲ್ಲಗೆ ಕೇಳಿದಳು.

"ಅತ್ತಿ, ನಿಮಗ ತವರಮನ್ಯಾಗ ಏನಂತ ಕರೀತಿದ್ರು?"

ಅಕ್ಕವ್ವ ಹೊಸ ಸೀರೆಯ ಅಂಚನ್ನು ತೀಡಿದಳು. "ಇಂದ್ರವ್ವ," ಎಂದಳು, ಬೇರೆ ಯಾರದೋ ಹೆಸರು ಹೇಳುವಂತೆ. "ಅಕ್ಕವ್ವ ಅಂದ್ರ ಶಿವಾನಂದನ ಅಪ್ಪನ ಅಜ್ಜಿ ಹೆಸರು. ನನ್ನ ಮದುವ್ಯಾಗ ಇಟ್ರು."

ಭಾಗ್ಯಾ ಗಂಡನ ಬೆರಳು ಹಿಡಿದು ಅಕ್ಕಿಗೆ ಇಳಿಸಿದಳು. ಇಬ್ಬರೂ ಕೂಡಿ, ಜಾಗ ಸಾಲದೆ ಒತ್ತಕ್ಷರವನ್ನು ತಟ್ಟೆಯ ಅಂಚಿಗೆ ತಾಗಿಸಿ, ಇಂದ್ರವ್ವ ಎಂದು ಬರೆದರು. ಹೆಂಗಸರು ನಕ್ಕರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಏನು ಬರೆದರು ಎಂದು ಹೊರಗಿನಿಂದ ಅಣ್ಣಪ್ಪ ಕೇಳಿದ. ಯಾರೋ ಹೋಗಿ ಹೇಳಿದರು. ಮುದುಕ ಕಟ್ಟೆಯ ಮೇಲಿಂದಲೇ, ಹೊಲದಲ್ಲಿ ಬುತ್ತಿಗೆ ಕಾದವನು ತಂಗಿಯನ್ನು ಕರೆಯುವ ದನಿಯಲ್ಲಿ ಒಮ್ಮೆ ಕೂಗಿದ.

"ಇಂದ್ರೀ!"

"ಬಂದ್ನಿ ಅಣ್ಣಾ!" ಎಂದು ಅಕ್ಕವ್ವ ಅಲ್ಲಿಂದಲೇ ಓಗೊಟ್ಟು, ತಟ್ಟೆ ಬಿಟ್ಟು ಬಾಗಿಲಿಗೆ ಓಡಿದಳು.