ಕಸ್ತೂರಿಗೆ ಹೇಳದ ಮಾತು

ಕಸ್ತೂರಿಯ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಬನಹಟ್ಟಿಯ ಅವಳ ಮನೆಯ ಮಗ್ಗಕ್ಕೆ ಹೊಸ ನೂಲಿನ ಹಾಸು ಏರಿದ ದಿನ, ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಎಳೆಯನ್ನು ಬೂದಿ ಸೋಂಕಿಸಿ ಹೊಸೆಯುತ್ತ, ಬಾಗಿಲಲ್ಲಿ ಹಾಯುವವರನ್ನೆಲ್ಲ ಮಾತಿಗೆಳೆಯುವಳು; ನಾನು ಹೋದರೆ ನನ್ನನ್ನೂ ನನ್ನ ಹೆಂಡತಿಯನ್ನೂ ಬಿಡಳು. "ಅಣ್ಣಾ, ಅಂಗಿ ಗುಂಡಿ ಹೋಗೇದ ನೋಡು. ವೈನಿ ಕೂಡ ಜಗಳಾಡಿ ಬಂದೀಯೇನು?"

ನನ್ನ ಈ ಒಬ್ಬಳೇ ತಂಗಿಗೆ ಮೂವತ್ತೆಂಟರಲ್ಲಿ ದಮ್ಮು ಹತ್ತತೊಡಗಿತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವಳು. ಅವಳ ಗಂಡ, ಗಂಡನ ಅಣ್ಣ ಮಲ್ಲೇಶಪ್ಪ ಮತ್ತು ನಾನು ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದೆವು. ಅವಳನ್ನು ಹೊರಗೆ ಕೂಡ್ರಿಸಿ, ಡಾಕ್ಟರು ಗಂಡಸರನ್ನಷ್ಟೇ ಒಳಗೆ ಕರೆದರು. ಹೃದಯದ ಕವಾಟವೊಂದು ಅಂಟಿಕೊಂಡಿದೆ, ಎದೆ ಕೊಯ್ಯಬೇಕಾಗಿಲ್ಲ, ತೊಡೆಸಂದಿನ ರಕ್ತನಾಳದಿಂದ ತೆಳುವಾದ ನಳಿಕೆ ಏರಿಸಿ, ಅದರ ತುದಿಯ ಬಲೂನು ಉಬ್ಬಿಸಿ ಬಿಡಿಸುತ್ತೇವೆ, ಮೂರನೆಯ ದಿನ ಮನೆಗೆ ಹೋಗಬಹುದು, ತಡ ಮಾಡಬೇಡಿ, ಎಂದರು.

ಹೊರಗೆ ಬರುವ ಮೊದಲೇ ಮಲ್ಲೇಶಪ್ಪ ನನ್ನ ತೋಳು ಹಿಡಿದ. "ಗಂಡಸ ಡಾಕ್ಟರ ತೊಡಿಸಂದ್ಯಾಗ ಕೈ ಹಚ್ಚೂದಾ? ನಮ್ಮ ಮನಿತನದಾಗ ನಡಿಯಂಗಿಲ್ರಿ. ಹೆಣ್ಣ ಕೊಟ್ಟವರು ನೀವು, ಸುಮ್ನಿರ್ರಿ."

ಇದರ ಒಂದಕ್ಷರವನ್ನೂ ನಾನು ಮರೆತಿಲ್ಲ.

ಅವಳಿಗೆ ಅವನು ಹೇಳಿದ್ದು ಬೇರೆ: "ಎದಿ ಸೀಳಬೇಕಂತವ್ವಾ. ಉಳಿಯೂದು ಗ್ಯಾರಂಟಿ ಇಲ್ಲಂತ."

"ಬ್ಯಾಡ್ರಿ ಭಾವಾರ, ಗುಳಿಗಿ ತಗೊಂಡ ಇರತೀನಿ" ಎಂದಳು. ಗಂಡ ನೆಲ ನೋಡಿದ. ನಾನು ಬಸ್ಸಿನ ಹೊತ್ತು ಕೇಳಲು ಹೋದೆ.

ನಾಲ್ಕು ವರ್ಷ ಗುಳಿಗೆ ನುಂಗಿದಳು. ಆಮೇಲೊಂದು ದಿನ ತೇರದಾಳದಿಂದ ಸೀರೆ ಕೊಳ್ಳಲು ಬಂದ ಹೆಂಗಸು, ತನಗೂ ಇದೇ ರೋಗವಿತ್ತು, ತೊಡೆಯಿಂದಲೇ ರಿಪೇರಿ ಆಯಿತು ಎಂದಳಂತೆ. ಕಸ್ತೂರಿ ನನ್ನನ್ನು ಜಮಖಂಡಿಯಿಂದ ಕರೆಸಿ ಕೇಳಿದಳು. ಎಲ್ಲ ಹೇಳಿದೆ.

"ಮೂರು ಹಡದೀನಿ. ನಡುವಿನವನ್ನ ಹಡಿಸಿದಾವ ಗಂಡಸ ಡಾಕ್ಟರನ. ಆವಾಗ ಇವರ ಮನಿತನ ಎಲ್ಲಿ ಹೋಗಿತ್ತು?" ಎಂದು ನಕ್ಕಳು. ನಗು ಕೆಮ್ಮಾಯಿತು.

ಮತ್ತೆ ಬೆಳಗಾವಿಗೆ ಹೋದೆವು. ಕವಾಟಕ್ಕೆ ಸುಣ್ಣ ಕಟ್ಟಿದೆ, ಇನ್ನು ಬಲೂನಿಗೆ ಬಗ್ಗದು; ಎದೆ ತೆರೆದರೆ ಇಷ್ಟು ಸೋತ ದೇಹ ತಾಳದು, ಎಂದರು.

ಕೊನೆಯ ಸಲ ಕಂಡಾಗ ನಾನು ಮಲ್ಲೇಶಪ್ಪನನ್ನು ಬೈಯತೊಡಗಿದ್ದೆ. ಅವಳು ಕೈಯೆತ್ತಿ ತಡೆದಳು. "ಅವ್ರಿಗೆ ನಾ ಮಂದಿ ಮಗಳು, ಬಿಡು. ಅವತ್ತ ದವಾಖಾನ್ಯಾಗ ನಾ ನಿನ್ನ ಮಾರಿ ನೋಡಿದ್ದೆ, ಅಣ್ಣಾ. ನೀ ಸುಳ್ಳಂತ ತಲಿ ಅಲ್ಲಾಡಿಸಿದ್ರ ಸಾಕಿತ್ತು."

ಆ ವರ್ಷದ ಶ್ರಾವಣ ಮುಗಿಯುವ ಮೊದಲೇ ಹೋದಳು. ಮಲ್ಲೇಶಪ್ಪ ಆಡಿದ ಮಾತಿಗೆ ನಾನು ಇಂದಿಗೂ ಅವನ ಮನೆಯ ನೀರು ಮುಟ್ಟಿಲ್ಲ. ತಂಗಿ ಆಡಿದ ಮಾತಿಗೆ ಏನು ಮುಟ್ಟದಿರಬೇಕೋ ತಿಳಿದಿಲ್ಲ.