ಎರಡನೆಯ ಪಿಟೀಲು

ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದ ಲಿಂಡಾಳ ಮನೆಗೆ ಮೊದಲ ಸಲ ಪಿಟೀಲು ಹಿಡಿದು ಹೋದವಳು ಅಭ್ಯಾಸಬಲದಿಂದ ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಕುರ್ಚಿಗಳಲ್ಲಿದ್ದ ಮೂವರೂ ಬಗ್ಗಿ ನನ್ನನ್ನೇ ನೋಡಿದರು. ತಬಲಾ ಇಲ್ಲ, ತಂಬೂರಿ ಇಲ್ಲ. ಲಿಂಡಾ ಮೂಗಿನಿಂದ ಸರ್ರನೆ ಉಸಿರೆಳೆದುಕೊಂಡಳು. ಅಷ್ಟಕ್ಕೇ ಮೂರು ಕಮಾನುಗಳು ಒಟ್ಟಿಗೆ ತಂತಿಗಿಳಿದವು.

ಧಾರವಾಡದಲ್ಲಿ ಗುರುಗಳ ಹತ್ತಿರ ವರ್ಷಗಟ್ಟಲೆ ಕಲಿತ ಪಿಟೀಲು ಡಲ್ಲಾಸಿಗೆ ಬಂದಮೇಲೆ ಪೆಟ್ಟಿಗೆಯಲ್ಲೇ ಇತ್ತು. ಗಂಡ ಲಾಸ್ ಕೊಲಿನಾಸಿನ ಆಫೀಸಿಗೆ ಹೋದರೆ ಸಂಜೆಯವರೆಗೂ ನನಗೆ ಮಾತಿಗೆ ಜನವಿಲ್ಲ. ಲೈಬ್ರರಿಯ ಇಂಗ್ಲಿಷ್ ತರಗತಿಗೆ ಸೇರಿದೆ. ಅಲ್ಲಿ ಕಲಿಸುತ್ತಿದ್ದವಳೇ ಲಿಂಡಾ, ನಿವೃತ್ತ ನರ್ಸ್. ಅವಳು ಚೆಲ್ಲೋ ನುಡಿಸುತ್ತಾಳೆ. ಮೊಣಕಾಲುಗಳ ನಡುವೆ ಹಿಡಿಯುವ ದೊಡ್ಡ ಪಿಟೀಲು ಅದು. ಅವರ ನಾಲ್ವರ ತಂತಿವಾದ್ಯಗಳ ಗುಂಪಿನಲ್ಲಿ ಎರಡನೆಯ ಪಿಟೀಲು ನುಡಿಸುತ್ತಿದ್ದವರು ಆಸ್ಟಿನ್‌ಗೆ ಶಿಫ್ಟ್ ಆಗಿದ್ದರು. ನನಗೆ ಪಿಟೀಲು ಬರುತ್ತದೆಂದು ತಿಳಿದು ಲಿಂಡಾ ಆ ಜಾಗಕ್ಕೆ ನನ್ನನ್ನು ಕರೆದಳು.

"ನನಗ ಅವರ ನೊಟೇಶನ್ ಓದಾಕ ಬರಂಗಿಲ್ಲ" ಅಂದೆ ಗಂಡನಿಗೆ.

"ಕಲಿಯಾಕೇನಾಗೇತಿ? ನಾ ಡ್ರೈವ್ ಮಾಡಿ ಬಿಡ್ತೀನಿ, ನಡಿ."

ಅವರು ನುಡಿಸುತ್ತಿದ್ದದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕೃತಿ. ಎಂಥ ಲವಲವಿಕೆ ಅದರದು. ನಮ್ಮಲ್ಲಿ ಒಬ್ಬರು ರಾಗ ಬೆಳೆಸುತ್ತ ಹೋದರೆ ಉಳಿದವರು ಜೊತೆಗೂಡುತ್ತಾರೆ. ಇಲ್ಲಿ ನಾಲ್ಕು ವಾದ್ಯಗಳೂ ಹರಟೆಗೆ ಕೂತಂತೆ. ಒಂದು ಶುರುಮಾಡಿದ್ದನ್ನು ಇನ್ನೊಂದು ಅದರ ಬಾಯಿಂದ ಕಸಿದುಕೊಳ್ಳುತ್ತದೆ, ಮೂರನೆಯದು ಅಣಕಿಸುತ್ತದೆ, ಆಮೇಲೆ ಎಲ್ಲವೂ ಸೇರಿ ಓಡುತ್ತವೆ. ನನಗೆ ಅದರ ಹುಚ್ಚು ಹಿಡಿಯಿತು. ಸ್ವರಚಿಹ್ನೆಗಳ ಕೆಳಗೆ ಸರಿಗಮ ಬರೆದುಕೊಂಡು ಕಲಿತೆ.

ಒಂದು ದಿನ ಬೆರಳು ತಾನಾಗಿಯೇ ಸ್ವರದಿಂದ ಸ್ವರಕ್ಕೆ ಜಾರಿತು. ಲಿಂಡಾ ಕಮಾನು ಎತ್ತಿದಳು.

"ತುಂಬ ಚೆನ್ನಾಗಿದೆ. ಆದರೆ ಆ ಸ್ವರಕ್ಕೆ ನಾವು ಮೂವರೂ ಒರಗಿಕೊಂಡಿದ್ದೇವೆ. ನೀನು ಜಾರಿದರೆ ನಾವೂ ಬೀಳುತ್ತೇವೆ."

ನನ್ನ ಕೈಯ ಒಂದು ಸ್ವರ ಇನ್ಯಾರಿಗೋ ಆಸರೆ ಎಂದು ಅದುವರೆಗೆ ನನಗೆ ಹೊಳೆದೇ ಇರಲಿಲ್ಲ. ಈ ಊರಲ್ಲಿ ಯಾರೂ ನನಗೆ ಒರಗಿಯೂ ಇರಲಿಲ್ಲ.

ಲೈಬ್ರರಿಯ ಸಭಾಂಗಣದಲ್ಲಿ ನುಡಿಸಿದ ದಿನ, ಕೃತಿ ಜೋರಾಗಿ ಓಡುತ್ತಿರುವಾಗಲೇ ನನಗೆ ಸಾಲು ತಪ್ಪಿತು. ಕಮಾನನ್ನು ತಂತಿಯಿಂದ ಎತ್ತಿಬಿಟ್ಟೆ. ಲಿಂಡಾ ತನ್ನ ಭಾಗವನ್ನು ನಿಲ್ಲಿಸಲಿಲ್ಲ. ನನ್ನತ್ತ ತಿರುಗಿ ಚೆಲ್ಲೋವನ್ನು ತುಸು ಗಟ್ಟಿಯಾಗಿ ನುಡಿಸುತ್ತ, ನಾನು ಬರಬೇಕಾದ ಕಡೆ ಹುಬ್ಬೇರಿಸಿದಳು. ಸೇರಿಕೊಂಡೆ. ಮುಗಿದಾಗ ಕೂತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

ಆ ಚಳಿಗಾಲದಲ್ಲಿ ಧಾರವಾಡಕ್ಕೆ ಹೋದೆ. ಗುರುಗಳು ಕೇಳಿದರು, "ಅಲ್ಲೇನ ಕಲತಿ, ನುಡಸು ನೋಡೂಣು."

ಚಾಪೆಯ ಮೇಲೆ ಕೂತು ನನ್ನ ಭಾಗವನ್ನು ನುಡಿಸಿದೆ. ನಾಲ್ಕು ಸ್ವರ, ಆಮೇಲೆ ಮೌನ. ಮತ್ತೆ ಎರಡು ಸ್ವರ, ಮತ್ತೆ ಮೌನ. ಗುರುಗಳು ಕಿವಿಗೊಟ್ಟು ಕಾದರು.

"ಛಲೋ ಐತಿ ತಂಗಿ. ಆದ್ರ ನಡುನಡುವ ನಿಂದ್ರಸ್ತಿ ಯಾಕ? ಉಳದದ್ದೆಲ್ಲೈತಿ?"

"ಡಲ್ಲಾಸಿನಾಗೈತ್ರಿ" ಅಂದೆ.