‘ಇನ್ನೂ ಕೇಳಿಲ್ಲ’ ಎಂದು ಬರೆಸಿದ ಧಾರಿಣಿ ಮೇಡಂ

ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾಹಿತಿ ಇರುವುದು ಜೋಡಿಜೋಡಿಯಾಗಿ: ‘ವಯಸ್ಸು’ ಎಂಬುದಕ್ಕೆ ಅರವತ್ತು, ‘ಕಾಯಿಲೆ’ ಎಂಬುದಕ್ಕೆ ನ್ಯುಮೋನಿಯಾ. ಈ ಜೋಡಿಗಳನ್ನು ಮನುಷ್ಯರು ಓದುವ ಮಾತಾಗಿಸುವುದನ್ನು ಪ್ರೋಗ್ರಾಮರುಗಳು ಸಾಮಾನ್ಯವಾಗಿ ಚಿಲ್ಲರೆ ಕೆಲಸವೆಂದೇ ಎಣಿಸುತ್ತಾರೆ. ಅದನ್ನೇ ಜೀವಮಾನದ ವಿದ್ಯೆಯಾಗಿಸಿಕೊಂಡು, ದೇಶದ ರಾಜಧಾನಿಯ ಓಖ್ಲಾ ಬಡಾವಣೆಯ ಕಚೇರಿಯೊಂದರಲ್ಲಿ ಆಸ್ಪತ್ರೆಗಳ ತಂತ್ರಾಂಶ ರೂಪಿಸಿ, ಈಗ ನಿವೃತ್ತರಾಗುತ್ತಿರುವವರು ಶ್ರೀಮತಿ ಧಾರಿಣಿಯವರು.

ತಂತ್ರಾಂಶ ಅಚ್ಚು ಹಾಕುವ ಹೊಸ ಹಾಳೆ ಯಾವುದೇ ಇರಲಿ, ಅದನ್ನು ಮಾಡಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೆದುರು ಗಟ್ಟಿಯಾಗಿ ಓದಬೇಕೆಂಬುದು ಅವರು ಹಾಕಿಕೊಟ್ಟ ಪದ್ಧತಿ. ಧಾರವಾಡದಿಂದ ಬಂದು ಅವರ ಕೈಕೆಳಗೆ ಸೇರಿದ ಯಶವಂತ್ ಅವರು ರೋಗಿಗಳ ದಾಖಲಾತಿಯ ಹಾಳೆಯನ್ನು ಹೆಮ್ಮೆಯಿಂದಲೇ ಓದಿದರು. ಧಾರಿಣಿಯವರ ಕೈಯಲ್ಲಿದ್ದ ತುತ್ತು ಅರ್ಧಕ್ಕೇ ನಿಂತಿತು.

“ಔಷಧದ ಅಲರ್ಜಿ ಎಲ್ಲಪ್ಪ?”

“ಅದು ಖಾಲಿ ಇತ್ತು ಮೇಡಂ. ಖಾಲಿ ಸಾಲು ತಾನಾಗೇ ಬಿಟ್ಟುಹೋಗುತ್ತೆ. ನೋಡೋಕೆ ಅಚ್ಚುಕಟ್ಟಾಗಿರುತ್ತೆ.”

“ಅಚ್ಛಾ! ಯಾರೂ ಕೇಳೇ ಇಲ್ಲ ಅನ್ನೋದು ಓದೋರಿಗೆ ಹೇಗೆ ಗೊತ್ತಾಗ್ಬೇಕು? ‘ಇನ್ನೂ ಕೇಳಿಲ್ಲ’ ಅಂತ ಬರೆಸು.”

ಕಂಪನಿಯ ನಿರ್ದೇಶಕ ತಿಲಕ್ ಅವರು ಸಿಡಿಮಿಡಿಗೊಂಡರು. ಆಸ್ಪತ್ರೆಯವರ ಲೋಪವನ್ನು ನಾವೇಕೆ ಅಚ್ಚು ಹಾಕಿ ತೋರಿಸಬೇಕು ಎಂಬುದು ಅವರ ವಾದ. ಆ ಸಾಲಿಲ್ಲದಿದ್ದರೆ ತಾವು ಸಹಿ ಹಾಕುವುದಿಲ್ಲವೆಂದು ಧಾರಿಣಿಯವರು ಪಟ್ಟು ಹಿಡಿದರು. ಹಠಮಾರಿಯೆಂದರೆ ಹಠಮಾರಿಯೇ! ಆ ವರ್ಷ ಬರಬೇಕಿದ್ದ ಬಡ್ತಿ ಅವರ ಕೈತಪ್ಪಿತು. ಸಾಲು ಮಾತ್ರ ಉಳಿಯಿತು.

ಮುಂದೊಂದು ಚಳಿಗಾಲದಲ್ಲಿ ಯಶವಂತರ ತಾಯಿ ರತ್ನಮ್ಮನವರು ಉಸಿರಾಡಲಾರದೆ ಇವರದೇ ತಂತ್ರಾಂಶ ಬಳಸುತ್ತಿದ್ದ ಇಂದಿರಾಪುರಂನ ಆಸ್ಪತ್ರೆ ಸೇರಿದರು. ಇಂಜೆಕ್ಷನ್ ಹಿಡಿದು ಬಂದ ನರ್ಸಮ್ಮನ ಕಣ್ಣು ಹಾಳೆಯಲ್ಲಿ ಅಲರ್ಜಿಯ ಮುಂದಿದ್ದ ‘ಇನ್ನೂ ಕೇಳಿಲ್ಲ’ ಎಂಬ ಆ ಸಾಲಿನ ಮೇಲೆ ಬಿತ್ತು. ಆಕೆ ಹಿಂದಿಯಲ್ಲಿ ಕೇಳಿದ್ದನ್ನು ಯಶವಂತ್ ತಾಯಿಗೆ ಕನ್ನಡದಲ್ಲಿ ಕೇಳಿದರು.

“ಪೆನಿಸಿಲಿನ್ ಆಗೋದಿಲ್ಲ ಕಣೋ. ನೀನು ಹುಟ್ಟಿದಾಗ ಕೊಟ್ಟಿದ್ರು, ಜೀವವೇ ಹೋಗ್ತಿತ್ತು.”

ನರ್ಸಮ್ಮನ ಕೈಯಲ್ಲಿದ್ದದ್ದು ಅದೇ ಔಷಧ; ಆಕೆ ಕೂಡಲೇ ಅದನ್ನು ವಾಪಸು ಒಯ್ದರು. ಮಗನಿಗೆ ಈ ಸಂಗತಿ ಅಂದಿನವರೆಗೂ ತಿಳಿದಿರಲಿಲ್ಲ. ಹೊರಗೆ ಬಂದು ಮೇಡಂಗೆ ಫೋನ್ ಮಾಡಿದರು. ಅಳುತ್ತಲೇ ಆಸ್ಪತ್ರೆಯ ಹೆಸರು ಹೇಳಿದರು. ಧಾರಿಣಿಯವರು ಮಯೂರ್ ವಿಹಾರದ ತಮ್ಮ ಮನೆಯಿಂದ ಆಟೋ ಹಿಡಿದು, ಬಿಸಿ ಸಾರು-ಅನ್ನ ತಂದು, ಯಶವಂತರ ಪಕ್ಕದಲ್ಲಿ ಕೂತು ಉಣ್ಣಿಸಿದರು. ಆ ಸಾಲಿನ ಮಾತನ್ನು ಮಾತ್ರ ಎತ್ತಲಿಲ್ಲ.

ಬೀಳ್ಕೊಡುಗೆಯ ದಿನ ಕೊಡಲೆಂದು ಯಶವಂತ್ ಅವರು ಗುರುವಿನ ಸೇವಾವಧಿಯ ವಿವರಗಳ ಹಾಳೆಯೊಂದನ್ನು ಸಿದ್ಧಪಡಿಸಿದ್ದಾರೆ. ಅದರಲ್ಲಿ ಎಲ್ಲವೂ ತುಂಬಿದೆ. ‘ನಿವೃತ್ತಿಯ ನಂತರದ ಕೆಲಸ’ ಎಂಬುದರ ಮುಂದೆ ಮಾತ್ರ ‘ಇನ್ನೂ ಕೇಳಿಲ್ಲ’ ಎಂದಿದೆ. ಧಾರಿಣಿಯವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಊಟದ ಡಬ್ಬಿ ಬಿಚ್ಚಿ ಹೊಸಬರ ಹಾಳೆಗಳನ್ನು ಅವರು ಇನ್ನೂ ಬಹುಕಾಲ ಕೇಳುತ್ತಿರಲಿ. ಹಾಗೆ ಕಚೇರಿಗೆ ಬರುವಿರಾ ಎಂದು ಅಂದು ಸಭೆಯಲ್ಲಿ ಎದ್ದು ನಿಂತು ಕೇಳಲಿರುವವರು ರತ್ನಮ್ಮನವರು.